ಕೊಬ್ಬರಿ ಎಣ್ಣೆ: ಮದ್ದೋ, ಆಹಾರವೋ?

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ನಂಟಿಲ್ಲದ ಮನೆ ಅಪರೂಪ. ತೋಟವಿದ್ದವರು ಕಾಯಿ ಅಟ್ಟಕ್ಕೆ ಹಾಕುತ್ತಾರೆ. ಇಲ್ಲದವರು ಕಾಯಿ ಸುಲಿಯುತ್ತಾರೆ, ಮಂಡಿಯಲ್ಲಿ ಮೂಟೆ ಹೊರುತ್ತಾರೆ, ವ್ಯಾಪಾರ ಮಾಡುತ್ತಾರೆ. ಹೀಗಾಗಿ ಕೊಬ್ಬರಿಯನ್ನು ಹೊಗಳಿದರೆ ನಮಗೆ ಖುಷಿ. ಆದರೆ ಈಚೆಗೆ ನಮ್ಮ ನೆಂಟರಲ್ಲಿ ಹಿರಿಯರೊಬ್ಬರು, ದಿನಾ ಎರಡು ಚಮಚ ಕೊಬ್ಬರಿ ಎಣ್ಣೆ ಕುಡಿದರೆ ಸಾಕೆಂದು ಯಾರೋ ಹೇಳಿದ್ದನ್ನು ನಂಬಿ ಕೊಲೆಸ್ಟ್ರಾಲ್ ಮಾತ್ರೆಯನ್ನೇ ಬಿಟ್ಟಿದ್ದರು. ಅದಕ್ಕಾಗಿ ಇಂದು ಈ ವಿಷಯ ಆರಿಸಿಕೊಂಡಿದ್ದೇನೆ.

ಎಣ್ಣೆಯಲ್ಲಿರುವ ಕೊಬ್ಬಿನಾಮ್ಲಗಳು ಇಂಗಾಲದ ಸರಪಳಿಗಳು. 6ರಿಂದ 12 ಇಂಗಾಲವಿದ್ದರೆ ಮಧ್ಯಮ ಸರಪಳಿ, ಅದಕ್ಕಿಂತ ಹೆಚ್ಚಿದ್ದರೆ ಉದ್ದ ಸರಪಳಿ. ಕಡಲೆಕಾಯಿ ಎಣ್ಣೆಯಲ್ಲಿ ಹೆಚ್ಚಾಗಿರುವುದು 18 ಇಂಗಾಲದವು.

ಉದ್ದ ಸರಪಳಿಯ ದಾರಿ ಮಂಡಿಗೆ ಹೋಗುವ ಮಾಲಿನ ದಾರಿಯಂತೆ. ಮೊದಲು ಪಿತ್ತರಸ ಅದನ್ನು ಕರಗುವಂತೆ ಮಾಡಬೇಕು. ಕರುಳಿನ ಜೀವಕೋಶಗಳು ಅದನ್ನು ಸಣ್ಣ ಮೂಟೆಗಳಾಗಿ ಕಟ್ಟುತ್ತವೆ. ಆ ಮೂಟೆಗಳು ದುಗ್ಧರಸ ನಾಳಗಳಲ್ಲಿ ಸುತ್ತಿ, ಕತ್ತಿನ ಬಳಿ ರಕ್ತಕ್ಕೆ ಸೇರುತ್ತವೆ. 8 ಮತ್ತು 10 ಇಂಗಾಲದವಕ್ಕೆ ಈ ಸುತ್ತು ಬಹುಮಟ್ಟಿಗೆ ಬೇಕಿಲ್ಲ. ಅವು ಕರುಳಿನಿಂದ ರಕ್ತನಾಳದ ಮೂಲಕ ನೇರವಾಗಿ ಯಕೃತ್ತನ್ನು ಮುಟ್ಟುತ್ತವೆ. ಜೀವಕೋಶದೊಳಗೆ ಮೈಟೋಕಾಂಡ್ರಿಯ ಎಂಬ ಒಲೆಗೆ ಹೋಗಲು ಉದ್ದ ಸರಪಳಿಗೆ ಕಾರ್ನಿಟಿನ್ ಎಂಬ ವಸ್ತುವಿನ ನೆರವು ಬೇಕು. ಇವಕ್ಕೆ ಅಷ್ಟಾಗಿ ಬೇಡ. ಬೇಗ ಉರಿದು ಶಕ್ತಿ ಕೊಡುತ್ತವೆ. ಸ್ವಲ್ಪ ಭಾಗ ಕೀಟೋನ್ ಆಗುತ್ತದೆ. ಮಿದುಳು ಅದನ್ನು ಬಳಸಬಲ್ಲದು.

ಈ ಗುಣದಿಂದಲೇ 1950ರ ದಶಕದಿಂದ ಈಚೆಗೆ ತೆಂಗಿನೆಣ್ಣೆಯಂಥ ಎಣ್ಣೆಗಳಿಂದ ಇವೆರಡನ್ನು ಬೇರ್ಪಡಿಸಿ ಎಂಸಿಟಿ ಎಣ್ಣೆ ತಯಾರಿಸಲಾಗುತ್ತಿದೆ. ಕೊಬ್ಬು ಜೀರ್ಣವಾಗದ ರೋಗಿಗಳಿಗೆ ವೈದ್ಯರು ಇದನ್ನು ಕೊಡುತ್ತಾರೆ. ಮೂರ್ಛೆರೋಗವಿರುವ ಕೆಲವು ಮಕ್ಕಳ ಪಥ್ಯದಲ್ಲಿಯೂ 1970ರ ದಶಕದಿಂದ ಬಳಕೆಯಲ್ಲಿದೆ.

ಗೊಂದಲ ಹುಟ್ಟುವುದು ಇಲ್ಲಿ. ನಮ್ಮ ಕೊಬ್ಬರಿ ಎಣ್ಣೆಯಲ್ಲಿ 8 ಮತ್ತು 10 ಇಂಗಾಲದವು ಎರಡೂ ಸೇರಿ ನೂರಕ್ಕೆ ಸುಮಾರು 15 ಮಾತ್ರ. ಹೆಚ್ಚುಕಡಿಮೆ ಅರ್ಧ ಭಾಗ 12 ಇಂಗಾಲದ ಲಾರಿಕ್ ಆಮ್ಲ. ಪುಸ್ತಕದ ಲೆಕ್ಕದಲ್ಲಿ ಅದು ಮಧ್ಯಮ ಸರಪಳಿಯೇ. ಆದರೆ ಕರುಳು ಅದರ ಬಹುಪಾಲನ್ನು ಉದ್ದ ಸರಪಳಿಯ ದಾರಿಯಲ್ಲೇ ಕಳಿಸುತ್ತದೆ. ಆದ್ದರಿಂದ ಎಂಸಿಟಿಯ ಗುಣವನ್ನೆಲ್ಲ ಕೊಬ್ಬರಿ ಎಣ್ಣೆಯ ಖಾತೆಗೆ ಜಮಾ ಮಾಡುವಂತಿಲ್ಲ. 2020ರಲ್ಲಿ 16 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಡಲೆಕಾಯಿ, ಸೂರ್ಯಕಾಂತಿಯಂಥ ಎಣ್ಣೆಗಳಿಗಿಂತ ತೆಂಗಿನೆಣ್ಣೆ ಕೆಟ್ಟ ಕೊಲೆಸ್ಟ್ರಾಲನ್ನು ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಹೆಚ್ಚಿಸಿದ್ದು ಕಂಡುಬಂತು. ಒಳ್ಳೆಯದೆನ್ನುವ ಕೊಲೆಸ್ಟ್ರಾಲೂ ಕೊಂಚ ಏರಿತು. ಅದರಿಂದ ಹೃದಯಕ್ಕೆ ರಕ್ಷಣೆಯೆಂಬುದು ಸಾಬೀತಾಗಿಲ್ಲ.

ಹಾಗೆಂದು ಹೆದರಬೇಕಾಗಿಲ್ಲ. ಚಟ್ನಿಗೆ ಕಾಯಿ, ಈದ್ ದಿನದ ಶೀರ್ ಕುರ್ಮಾಕ್ಕೆ ಕೊಬ್ಬರಿ ಇರಲಿ. ಅದು ಆಹಾರ, ಹಿತಮಿತವಾಗಿ ತಿನ್ನೋಣ. ಆದರೆ ಮದ್ದೆಂದು ಎಣ್ಣೆ ಕುಡಿಯುವುದು, ಅದನ್ನು ನಂಬಿ ಮಾತ್ರೆ ಬಿಡುವುದು, ಮೂರ್ಛೆ ಬರುವ ಮಗುವಿಗೆ ಮನೆಯಲ್ಲೇ ಕುಡಿಸಿ ನೋಡುವುದು ಬೇಡ.

ಮಕ್ಕಳೇ, ಅಳತೆ ತೂಕದಲ್ಲಿ ಕಡಿಮೆ ಮಾಡುವವರನ್ನು ಕುರ್‌ಆನ್ ಕಠಿಣವಾಗಿ ಎಚ್ಚರಿಸಿದೆ. ತಕ್ಕಡಿ ಹಿಡಿದು ಬದುಕುವ ನಮ್ಮ ಜನಕ್ಕೆ ಅದು ಚೆನ್ನಾಗಿ ಗೊತ್ತು. ಮಾತಿಗೂ ತೂಕ ಉಂಟು. ನಮ್ಮ ಮಾಲೆಂದು ಇಲ್ಲದ ಗುಣ ಹೇಳಿ ಮಾರುವುದೂ ತೂಕದ ಮೋಸವೇ. ಯಾವ ಎಣ್ಣೆ, ಎಷ್ಟು ಪ್ರಮಾಣ, ಯಾರ ಮೇಲೆ ಪರೀಕ್ಷಿಸಿದ್ದು ಎಂದು ಕೇಳುವುದನ್ನು ಕಲಿಯಿರಿ. ವಿಜ್ಞಾನ ಓದಿದ್ದು ಸಾರ್ಥಕವಾಗುವುದು ಆಗ.

ನಮ್ಮ ಆ ಹಿರಿಯರು ಈಗ ಮತ್ತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಅಲ್‌ಹಮ್ದುಲಿಲ್ಲಾಹ್.