ಮಗಳಿಗೊಂದು ಅಟ್ಟದ ಮಂಚ

ಅಹಮದಾಬಾದಿನ ನಮ್ಮ ಚಿಕ್ಕ ಫ್ಲ್ಯಾಟಿನಲ್ಲಿ 8 ವರ್ಷದ ಮಗಳಿಗೆ ಅಟ್ಟದ ಮಂಚ ಮಾಡಿಸಿದೆವು: ಮೇಲೆ ಹಾಸಿಗೆ, ಕೆಳಗೆ ಓದುವ ಮೇಜು. ಯೂಟ್ಯೂಬಿನಲ್ಲಿ ನಾನು ನೋಡಿದ ವಿದೇಶಿ ವಿಡಿಯೋಗಳಲ್ಲಿ ಸೀಲಿಂಗ್ ಫ್ಯಾನಿನ ಮಾತೇ ಇರಲಿಲ್ಲ. ನಮಗೋ ಅದೇ ಮೊದಲ ಪ್ರಶ್ನೆ.

ಲೆಕ್ಕ ನೋಡಿ. ನಮ್ಮ ಸ್ಲ್ಯಾಬ್ 9.5 ಅಡಿ, ಫ್ಯಾನಿನ ರೆಕ್ಕೆ 8.5 ಅಡಿ. ಹಾಸಿಗೆ ಸೇರಿ ಮಂಚ 5 ಅಡಿ. 4 ಅಡಿಯ ಹುಡುಗಿ ಅದರ ಮೇಲೆ ಎದ್ದು ನಿಂತರೆ ತಲೆಯೇ 9 ಅಡಿಗೆ ಬಂತು, ಇನ್ನು ಕೈ ಎತ್ತಿದರೆ ಕೇಳುವುದೇ ಬೇಡ! "ಮೂಲೆಗೆ ಸರಿಸಿದರೆ ಆಯ್ತು ಬೆನ್" ಅಂದರು ಬಡಗಿ. ನಾನು ಒಪ್ಪಲಿಲ್ಲ. ಮಕ್ಕಳು ಹೊದಿಕೆ ಕೊಡವುತ್ತಾರೆ, ದಿಂಬು ಎಸೆಯುತ್ತಾರೆ. ಫ್ಯಾನ್ ಇಳಿಸಿ, ಎದುರು ಗೋಡೆಗೆ ಜಾಲರಿಯ ವಾಲ್ ಫ್ಯಾನ್ ಹಾಕಿಸಿದೆವು.

ಬಂಕ್ ಬೆಡ್ಡಿಗೆ ಅಮೆರಿಕದ ನಿಯಮದಂತೆ ರೇಲಿಂಗ್ ಹಾಸಿಗೆಗಿಂತ ಕನಿಷ್ಠ 5 ಇಂಚು ಮೇಲಿರಬೇಕು. 6 ವರ್ಷದೊಳಗಿನವರಿಗೆ ಮೇಲಿನ ಹಾಸಿಗೆ ಬೇಡ. ನಾವು 12 ಇಂಚು ಇಟ್ಟು, ಮಂಚವನ್ನು ಗೋಡೆಗೆ ಬೋಲ್ಟ್ ಮಾಡಿಸಿದೆವು.

ಇನ್ನು ಸೆಕೆ. 2010ರ ಬಿಸಿಗಾಳಿ ಕಂಡು 2013ರಲ್ಲಿ ಹೀಟ್ ಆಕ್ಷನ್ ಪ್ಲಾನ್ ತಂದ ಊರಿದು. ಮೇ ತಿಂಗಳ ರಾತ್ರಿ ಸ್ಲ್ಯಾಬಿನ ಹತ್ತಿರ ಮಲಗುವಂತಿಲ್ಲ. ಆಗ ಮಗಳು ಹಾಲಿನಲ್ಲಿ ನಮ್ಮ ಜೊತೆ ಚಾಪೆ ಹಾಸುತ್ತಾಳೆ. ಮೇಜು ಮಾತ್ರ ವರ್ಷವಿಡೀ ಅವಳದೇ.