ಬೆಂಚಿನ ಮೇಲೆ ಕೂತವನು



ಬೆಳಿಗ್ಗೆ ಬೆಳಿಗ್ಗೆ ಐಸ್ ಹಾಕಿಯ ಮಾತೆತ್ತಿದರೆ ನಿಮಗೆ ನಗು ಬರಬಹುದು. ಹಾಕಿ ಅಂದರೆ ನಮಗೆ ಕೊಡಗು. ಐಸ್ ಅಂದರೆ ಕಬ್ಬಿನಹಾಲಿನ ಗಾಡಿಯಲ್ಲಿ ಗೋಣಿಚೀಲ ಸುತ್ತಿಟ್ಟ ಗಡ್ಡೆ. ಎರಡೂ ಕೂಡಿದ ಆಟ ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ಆದರೂ ಆ ಆಟದ ಒಂದು ಸೀಸನ್ ನನ್ನ ತಲೆಯಿಂದ ಇಳಿಯುತ್ತಿಲ್ಲ.

ಅಮೆರಿಕದಲ್ಲಿ, ಮಿಸಿಸಿಪ್ಪಿ ನದಿಯ ದಡದಲ್ಲಿ ಸೇಂಟ್ ಲೂಯಿಸ್ ಎಂಬ ಊರು. ಅಲ್ಲಿನ ವೃತ್ತಿಪರ ತಂಡದ ಹೆಸರು ಬ್ಲೂಸ್. 1967ರಿಂದ ದೊಡ್ಡ ಲೀಗಿನಲ್ಲಿ ಆಡುತ್ತಿದ್ದರೂ ಲೀಗ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಒಮ್ಮೆಯೂ ಕೈಗೆ ಸಿಕ್ಕಿರಲಿಲ್ಲ. 2018ರ ಅಕ್ಟೋಬರಿನಲ್ಲಿ ಹೊಸ ಸೀಸನ್ ಶುರುವಾಯಿತು. ತಂಡಕ್ಕೆ 82 ಪಂದ್ಯ. ಸೋಲಿನ ಮೇಲೆ ಸೋಲು. ನವೆಂಬರಿನಲ್ಲಿ ಕೋಚ್ ಮೈಕ್ ಯೋ ಅವರನ್ನು ತೆಗೆದು ಕ್ರೇಗ್ ಬೆರೂಬಿ ಅವರನ್ನು ತಾತ್ಕಾಲಿಕವಾಗಿ ಕೂರಿಸಿದರು. ಡಿಸೆಂಬರಿನಲ್ಲಿ ಅಭ್ಯಾಸದ ಹೊತ್ತಿನಲ್ಲೇ ತಂಡದ ಇಬ್ಬರು ಒಬ್ಬರಿಗೊಬ್ಬರು ಗುದ್ದಿಕೊಂಡರು. ಸೋಲುವ ಮನೆಯಲ್ಲಿ ಜಗಳ ಜಾಸ್ತಿ ತಾನೆ? 2019ರ ಜನವರಿ 3ರ ಬೆಳಿಗ್ಗೆ ಪಟ್ಟಿ ನೋಡಿದರೆ, 31 ತಂಡಗಳಲ್ಲಿ ಬ್ಲೂಸ್ 31ನೆಯದು. 37 ಪಂದ್ಯ, 34 ಅಂಕ.

ಈಗ ಗೋಲ್‌ಕೀಪರ್ ವಿಷಯಕ್ಕೆ ಬರುತ್ತೇನೆ. ಈ ಆಟದಲ್ಲಿ ಚೆಂಡಿಲ್ಲ, ಪಕ್ ಅಂತ ಒಂದು ರಬ್ಬರಿನ ಬಿಲ್ಲೆ ಇದೆ. ಮೂರಂಗುಲ ಅಗಲ, ಒಂದಂಗುಲ ದಪ್ಪ. ಹೆಚ್ಚುಕಮ್ಮಿ ತೂತಿಲ್ಲದ ಉದ್ದಿನವಡೆ ಅನ್ನಿ. ಪುಟಿಯದಿರಲಿ ಎಂದು ಆಟಕ್ಕೆ ಮುಂಚೆ ಅದನ್ನು ಹೆಪ್ಪುಗಟ್ಟಿಸಿ ಕಲ್ಲಾಗಿಸುತ್ತಾರೆ. ಆ ಕಲ್ಲುವಡೆ ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಬರುವಾಗ ಎದುರು ನಿಲ್ಲುವವನು ಒಬ್ಬನೇ. ಇನ್ನೊಬ್ಬ ಗೋಲ್‌ಕೀಪರ್ ಅಷ್ಟೇ ಭಾರದ ಕವಚ ತೊಟ್ಟು ತಲೆಗೊಂದು ಟೋಪಿ ಹಾಕಿ ಬೆಂಚಿನ ಮೇಲೆ ಕೂತಿರುತ್ತಾನೆ. ಆಡುವವರು ಒಳಹೊರಗೆ ಓಡಾಡುವಾಗ ಅಂಕಣದ ಬಾಗಿಲು ತೆಗೆದು ಹಾಕುವ ಕೆಲಸ ಬಹಳ ಸಲ ಅವನದೇ. ನಮ್ಮ ಕ್ರಿಕೆಟ್ಟಿನಲ್ಲಿ ನೀರು ಹೊತ್ತು ತರುವ ಹನ್ನೆರಡನೆಯವನ ಹಾಗೆ.

ಜೋರ್ಡನ್ ಬಿನ್ನಿಂಗ್ಟನ್‌ಗೆ ಆ ಬೆಂಚೂ ದೂರವಿತ್ತು. ಬ್ಲೂಸ್ ಅವನನ್ನು ಆರಿಸಿಕೊಂಡದ್ದು 2011ರಲ್ಲಿ. ವಯಸ್ಸು 25 ಆದರೂ ಕೆಳಹಂತದ ಲೀಗುಗಳಲ್ಲೇ ದಿನ ಕಳೆಯುತ್ತಿದ್ದ. ಹಿಂದಿನ ವರ್ಷ ಅವನನ್ನು ಬೋಸ್ಟನ್ ತಂಡದ ಕಿರಿಯ ತಂಡಕ್ಕೆ ಕಡ ಕೊಟ್ಟಿದ್ದರು. ಸೀಸನ್ ಶುರುವಾದಾಗ ತಂಡದ ಗೋಲ್‌ಕೀಪರ್‌ಗಳ ಸಾಲಿನಲ್ಲಿ ಅವನು ನಾಲ್ಕನೆಯವನು. ಜನವರಿ 7ರಂದು ಫಿಲಡೆಲ್ಫಿಯಾದಲ್ಲಿ ಮೊದಲ ಸಲ ಆರಂಭದಿಂದಲೇ ಅವನನ್ನು ನಿಲ್ಲಿಸಿದರು. ಬ್ಲೂಸ್ ಗೆದ್ದಿತು, 3-0. ಒಂದು ಗೋಲನ್ನೂ ಬಿಡಲಿಲ್ಲ. ಆಮೇಲೆ 11 ಪಂದ್ಯ ಸತತವಾಗಿ ಗೆದ್ದದ್ದೂ ಇದೆ. 82 ಪಂದ್ಯ ಮುಗಿಯುವಷ್ಟರಲ್ಲಿ ಅಂಕ 99ಕ್ಕೆ ಏರಿತು, ಕಪ್‌ಗಾಗಿ ಆಡುವ ಪ್ಲೇಆಫ್ ಸುತ್ತುಗಳಿಗೆ ಜಾಗ ಸಿಕ್ಕಿತು.

ಪ್ಲೇಆಫ್‌ನಲ್ಲಿ ವಿನಿಪೆಗ್, ಡಲ್ಲಾಸ್, ಸ್ಯಾನ್ ಹೋಸೆ ದಾಟಿ ಫೈನಲ್‌ಗೆ ಬಂದರೆ, ಎದುರಿಗೆ ಯಾರು? ಅದೇ ಬೋಸ್ಟನ್. ಜೂನ್ 12, ಫೈನಲ್ ಸರಣಿಯ ಏಳನೆಯ, ನಿರ್ಣಾಯಕ ಪಂದ್ಯ, ಅವರದೇ ಅಂಗಳ. ಮೊದಲ 20 ನಿಮಿಷ ಬೋಸ್ಟನ್ 12 ಸಲ ಗುರಿಯಿಟ್ಟಿತು. ಹನ್ನೆರಡನ್ನೂ ಬಿನ್ನಿಂಗ್ಟನ್ ತಡೆದ. ಬ್ಲೂಸ್‌ಗೆ ಸಿಕ್ಕದ್ದು ನಾಲ್ಕೇ ಅವಕಾಶ, ಅದರಲ್ಲಿ ಎರಡು ಗೋಲು. ಕೊನೆಗೆ 4-1. ನಾಲ್ಕನೆಯ ಗೋಲು ಹೊಡೆದ ಜ್ಯಾಕ್ ಸ್ಯಾನ್‌ಫರ್ಡ್, ಡಿಸೆಂಬರಿನ ಆ ಗುದ್ದಾಟದಲ್ಲಿದ್ದ ಇಬ್ಬರಲ್ಲಿ ಒಬ್ಬ. 52 ವರ್ಷದ ಮೇಲೆ ಕಪ್ ಊರಿಗೆ ಬಂತು. ಹದಿನಾರು ಕಿಲೋ ತೂಗುವ ಬೆಳ್ಳಿ ಬಣ್ಣದ ಕಪ್. ಗೆದ್ದವರ ಹೆಸರನ್ನು ಅದರ ಮೇಲೇ ಕೊರೆಯುತ್ತಾರೆ.

ಕಥೆ ಹೇಳುವವರೆಲ್ಲ ಇಲ್ಲಿಗೆ ನಿಲ್ಲಿಸುತ್ತಾರೆ. ನನ್ನ ಕಣ್ಣು ಮಾತ್ರ ಮತ್ತೆ ಬೆಂಚಿನ ಕಡೆ ಹೋಗುತ್ತದೆ. ಆ ಸೀಸನ್ನಿನ ಆರಂಭದಲ್ಲಿ ಮೊದಲ ಗೋಲ್‌ಕೀಪರ್ ಆಗಿದ್ದವನು ಜೇಕ್ ಆಲೆನ್. ಬಿನ್ನಿಂಗ್ಟನ್ ಬಂದ ಮೇಲೆ ಟೋಪಿ ಹಾಕಿ ಬಾಗಿಲ ಬಳಿ ಕೂತವನು ಅವನೇ. ಪ್ಲೇಆಫ್‌ನ 26 ಪಂದ್ಯಗಳಲ್ಲಿ ಒಂದನ್ನೂ ಅವನು ಆರಂಭಿಸಲಿಲ್ಲ. ಫೈನಲ್‌ನ ಮೂರನೆಯ ಪಂದ್ಯದಲ್ಲಿ ತಂಡ ಹೀನಾಯವಾಗಿ ಸೋಲುತ್ತಿದ್ದಾಗ ನಡುವೆ ಇಳಿಸಿದ್ದರು, ಅಷ್ಟೇ. ಆ ದಿನಗಳಲ್ಲಿ ಅವನ ಮನಸ್ಸಿನಲ್ಲಿ ಏನಿತ್ತೋ! ಮೇಲೆ ಬಂದವನ ಕಥೆ ನಮಗೆ ಬಾಯಿಪಾಠ. ಜಾಗ ಬಿಟ್ಟುಕೊಟ್ಟು ಪಕ್ಕದಲ್ಲೇ ಕೂತವನನ್ನು ಯಾರು ಕೇಳುತ್ತಾರೆ?

ಮರುವರ್ಷ, 2020ರ ಆಗಸ್ಟ್. ಕೊರೋನಾ ಕಾಲ, ಎಡ್ಮಂಟನ್‌ನ ಖಾಲಿ ಕ್ರೀಡಾಂಗಣ. ವ್ಯಾಂಕೂವರ್ ಎದುರಿನ ಮೊದಲ ಸುತ್ತಿನಲ್ಲೇ ಬ್ಲೂಸ್ ಮನೆಗೆ ಹೋಯಿತು. ಆ ಸರಣಿಯಲ್ಲಿ ಬಿನ್ನಿಂಗ್ಟನ್ ಒಂದೂ ಗೆಲ್ಲಲಿಲ್ಲ. ತಂಡ ಗೆದ್ದದ್ದು ಎರಡೇ ಪಂದ್ಯ. ಎರಡರಲ್ಲೂ ಗೋಲಿನ ಮುಂದೆ ನಿಂತಿದ್ದವನು ಜೇಕ್ ಆಲೆನ್.