ನಿಮಗೆ ಹೇಗೆ ಗೊತ್ತು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಬಂದಿದ್ದಾನೆ, ಕೋರ್ಸು, ಕೆಲಸ, ಸಂಬಳದ ವಿಷಯ ಹೇಳುತ್ತಾನೆ ಎಂದು ನೀವು ಕಾದಿರಬಹುದು. ನಾನು ಇವತ್ತು ಒಂದು ತನಿಖೆಯ ಕಥೆ ಹೇಳುತ್ತೇನೆ. ನಿಮ್ಮ ಸಮಾಜ ವಿಜ್ಞಾನ ಪುಸ್ತಕದಲ್ಲಿ ಎರಡನೇ ಮಹಾಯುದ್ಧದ ಪಾಠ ಮುಗಿಯುತ್ತದಲ್ಲ, ಈ ಕಥೆ ಅಲ್ಲಿಂದ ಶುರುವಾಗುತ್ತದೆ.

1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಆದರೆ ಹಿಟ್ಲರ್ ಏನಾದ? ಜೂನ್ 9ರಂದು ಸೋವಿಯತ್ ಸೇನಾನಿ ಜುಕೋವ್ ಬರ್ಲಿನ್ನಿನಲ್ಲಿ ಪತ್ರಕರ್ತರನ್ನು ಕರೆದು, ಹಿಟ್ಲರನ ಶವದ ಗುರುತು ಸಿಕ್ಕಿಲ್ಲ, ಕೊನೆ ಗಳಿಗೆಯಲ್ಲಿ ವಿಮಾನ ಹತ್ತಿ ಪರಾರಿಯಾಗಿರಲೂಬಹುದು ಎಂದರು. ಅದೇ ತಿಂಗಳು, ಬ್ರಿಟಿಷರ ವಶದಲ್ಲಿದ್ದ ಹರ್ಮನ್ ಕಾರ್ನೌ ಎಂಬ ಕಾವಲು ಪೊಲೀಸಿನವನು, ಹಿಟ್ಲರನ ಹೆಣ ಸುಡುವುದನ್ನು ಕಣ್ಣಾರೆ ಕಂಡೆ ಎಂದು ಪತ್ರಕರ್ತರ ಮುಂದೆ ಹೇಳಿದ. ಒಬ್ಬರು ಯುದ್ಧ ಗೆದ್ದ ದೊಡ್ಡ ಸೇನಾನಿ, ಇನ್ನೊಬ್ಬ ಸೆರೆಯಾಳು. ಯಾರನ್ನು ನಂಬುವುದು? ಜುಲೈನಲ್ಲಿ ಒಂದು ಜರ್ಮನ್ ಜಲಾಂತರ್ಗಾಮಿ ಅರ್ಜೆಂಟೀನಕ್ಕೆ ಹೋಗಿ ಶರಣಾದಾಗ, ಹಿಟ್ಲರ್ ಅದರಲ್ಲೇ ಬಂದಿಳಿದ ಎಂಬ ಸುದ್ದಿಯೂ ಹಬ್ಬಿತು.

ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಗುಪ್ತಚರ ಅಧಿಕಾರಿ ಡಿಕ್ ವೈಟ್ ಈ ತನಿಖೆಯನ್ನು ಹ್ಯೂ ಟ್ರೆವರ್-ರೋಪರ್ ಅವರಿಗೆ ವಹಿಸಿದರು. ಇತಿಹಾಸ ಓದಿ ಸೇನಾ ಗುಪ್ತಚರ ಕೆಲಸಕ್ಕೆ ಬಂದಿದ್ದ ಅವರಿಗೆ ಆಗ 31 ವರ್ಷ. ಅವರು ಅರ್ಜೆಂಟೀನಕ್ಕೆ ಓಡಲಿಲ್ಲ. ಕೊನೆಯ ದಿನಗಳಲ್ಲಿ ಹಿಟ್ಲರನ ಬಂಕರಿನಲ್ಲಿ ಯಾರ್ಯಾರು ಇದ್ದರು ಎಂದು ಹುಡುಕಿದರು. ಸಿಕ್ಕವರಲ್ಲಿ ಯಾರು ಎಲ್ಲಿ ನಿಂತಿದ್ದರು, ಸ್ವತಃ ಕಂಡದ್ದೆಷ್ಟು, ಇನ್ನೊಬ್ಬರಿಂದ ಕೇಳಿದ್ದೆಷ್ಟು ಎಂದು ಬಿಡಿಸಿ ನೋಡಿದರು.

ಕಾರ್ನೌ ಕಂಡದ್ದು ತೋಟದಲ್ಲಿ ನಿಂತು. ಮಾನ್ಸ್‌ಫೆಲ್ಡ್ ಎಂಬ ಇನ್ನೊಬ್ಬ ಕಾವಲುಗಾರ ಕಂಡದ್ದು ಕಾವಲು ಗೋಪುರದ ಮೇಲಿಂದ. ಹಿಟ್ಲರನ ಕಾರು ಚಾಲಕ ಕೆಂಪ್ಕಾ, ಸುಡಲು ಪೆಟ್ರೋಲ್ ಒದಗಿಸಿದವನು. ಇವರ ಮಾತು ಸಣ್ಣಪುಟ್ಟ ವಿವರಗಳಲ್ಲಿ ಬೇರೆ ಬೇರೆ, ಮುಖ್ಯ ಸಂಗತಿಯಲ್ಲಿ ಒಂದೇ. ಇಬ್ಬರ ಉತ್ತರ ಪತ್ರಿಕೆಯಲ್ಲಿ ತಪ್ಪೂ ಒಂದೇ ತರಹ ಇದ್ದರೆ ಮೇಷ್ಟ್ರಿಗೆ ಏನು ಅನ್ನಿಸುತ್ತದೆ ಎಂದು ನಿಮಗೆ ಗೊತ್ತು. ನಿಜವಾಗಿ ಕಂಡವರು ತಾವು ನಿಂತ ಜಾಗದಿಂದ ಕಂಡಷ್ಟನ್ನೇ ಹೇಳುತ್ತಾರೆ. ಏಪ್ರಿಲ್ 30ರಂದೇ ಹಿಟ್ಲರ್ ಆತ್ಮಹತ್ಯೆ ಮಾಡಿಕೊಂಡ ಎಂಬ ತೀರ್ಮಾನವನ್ನು ನವೆಂಬರ್ 1ರಂದು ಪ್ರಕಟಿಸಲಾಯಿತು.

ಸಾಕ್ಷಿ ಅಲ್ಲಿಗೇ ಮುಗಿಯಲಿಲ್ಲ. ಲಕ್ಸೆಂಬರ್ಗಿನ ಪತ್ರಕರ್ತ ಜಾರ್ಜ್ ಥಿಯರ್ಸ್ ಎಂದು ಹೇಳಿಕೊಂಡಿದ್ದವನೊಬ್ಬ ಸುಳ್ಳು ಕಾಗದಪತ್ರಗಳ ಕಾರಣ ಬ್ರಿಟಿಷರಿಗೆ ಸಿಕ್ಕಿಬಿದ್ದ. ಅವನು ನಿಜವಾಗಿ ಹಿಟ್ಲರನ ಪತ್ರಿಕಾ ವಿಭಾಗದ ಹೈನ್ಸ್ ಲೊರೆನ್ಸ್. ಅವನ ಬಟ್ಟೆಯ ಒಳಪದರದಲ್ಲಿ ಹೊಲಿದಿಟ್ಟಿದ್ದ ಹಿಟ್ಲರನ ಉಯಿಲು ಸಿಕ್ಕಿತು. ಬಂಕರಿನಿಂದ ಉಯಿಲು ಹೊತ್ತು ಹೊರಟವರು ಮೂವರು. ಎರಡನೆಯವನು ಬವೇರಿಯಾದಲ್ಲಿ ಬೇರೆ ಹೆಸರಿನಲ್ಲಿ ಅಡಗಿದ್ದ. ಮೂರನೆಯವನು ಪ್ರತಿಯನ್ನು ಬಾಟಲಿಯಲ್ಲಿಟ್ಟು ಮನೆಯ ತೋಟದಲ್ಲಿ ಹೂತಿದ್ದ. ಮೂರು ಕಡೆ ಸಿಕ್ಕ ಕಾಗದಗಳು ಒಂದಕ್ಕೊಂದು ತಾಳೆಯಾದವು.

ಇದೇ ಟ್ರೆವರ್-ರೋಪರ್ 1983ರಲ್ಲಿ ಎಡವಿದರು. ಜರ್ಮನಿಯ 'ಸ್ಟರ್ನ್' ಪತ್ರಿಕೆ ಹಿಟ್ಲರನ ದಿನಚರಿಗಳು ಸಿಕ್ಕಿವೆ ಎಂದಾಗ, ಅವು ಅಸಲಿ ಎಂದುಬಿಟ್ಟರು. ಕಾಗದದ ಪರೀಕ್ಷೆ ಆಗಿದೆ, ತಂದುಕೊಟ್ಟವರು ಯಾರೆಂದು ನಮಗೆ ಗೊತ್ತು ಎಂದು ಪತ್ರಿಕೆಯವರು ಕೊಟ್ಟ ಭರವಸೆಯನ್ನು ನಂಬಿದ್ದರು. ಅವರಿಗೆ ಅನುಮಾನ ಬರುವಷ್ಟರಲ್ಲಿ ತಡವಾಗಿತ್ತು. ಪ್ರಯೋಗಾಲಯದ ವರದಿ ಬಂದಾಗ, ಯುದ್ಧದ ನಂತರ ಬಳಕೆಗೆ ಬಂದ ರಾಸಾಯನಿಕ ಆ ಕಾಗದದಲ್ಲಿತ್ತು. ಬರೆದವನು ಕೊನ್ರಾಡ್ ಕುಯಾವ್ ಎಂಬ ನಕಲಿಗಾರ. ಅದೇ ಬುದ್ಧಿ, ಅದೇ ವಿದ್ಯೆ, ಮೇಲೆ 38 ವರ್ಷಗಳ ಅನುಭವ. 'ನಿಮಗೆ ಹೇಗೆ ಗೊತ್ತು?' ಎಂದು ಪಟ್ಟು ಹಿಡಿದು ಕೇಳುವುದೊಂದು ತಪ್ಪಿತ್ತು.

ನನ್ನ ದಿನನಿತ್ಯದ ಕೆಲಸವೂ ಇಂಥದ್ದೇ. 'ಸಿಸ್ಟಮ್ ಕೆಲಸ ಮಾಡುತ್ತಿಲ್ಲ' ಎಂದು ದೂರು ಬರುತ್ತದೆ. ಯಾರ ಪರದೆಯಲ್ಲಿ, ಎಷ್ಟು ಗಂಟೆಗೆ, ಬೇರೆಯವರಿಗೂ ಹಾಗೇ ಆಯಿತೇ ಎಂದು ಮೊದಲು ನೋಡುತ್ತೇವೆ. ದೂರು ಕೊಟ್ಟವರು ಮ್ಯಾನೇಜರ್ ಆಗಿದ್ದರೂ ಅಷ್ಟೇ.

ಮಕ್ಕಳೇ, ಇದು ಗುಪ್ತಚರರಿಗೆ, ಇಂಜಿನಿಯರುಗಳಿಗೆ ಮಾತ್ರ ಬೇಕಾದ ಅಭ್ಯಾಸವಲ್ಲ. 2018ರ ಜುಲೈನಲ್ಲಿ ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಅವನೂ ನನ್ನ ಹಾಗೆ ಸಾಫ್ಟ್‌ವೇರ್ ಇಂಜಿನಿಯರ್. ಗೆಳೆಯರ ಜೊತೆ ಬಂದಿದ್ದ. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಅದನ್ನು ಮುಂದಕ್ಕೆ ಕಳಿಸಿದವರಲ್ಲಿ ಒಬ್ಬೊಬ್ಬರೂ 'ನೀನು ಕಂಡೆಯಾ?' ಎಂದು ಕೇಳಿದ್ದರೆ ಒಂದು ಜೀವ ಉಳಿಯುತ್ತಿತ್ತೇನೋ.

ನಿಮ್ಮ ಮನೆಯಲ್ಲಿ ಮೊಬೈಲ್ ಚೆನ್ನಾಗಿ ಬಲ್ಲವರು ನೀವೇ. ಅಪ್ಪ, ಅಮ್ಮ, ಅಜ್ಜಿ ಏನಾದರೂ ಬಂದರೆ ನಿಮಗೇ ತೋರಿಸುತ್ತಾರೆ. ಹಾಗಾಗಿ ನಿಮ್ಮ ಮನೆಯ ತನಿಖಾಧಿಕಾರಿಯೂ ನೀವೇ. ಹಿರಿಯರಿಗೆ ಎದುರಾಡಬೇಡಿ, 'ಇದನ್ನು ಕಂಡವರು ಯಾರಜ್ಜಿ?' ಎಂದು ಮೆಲ್ಲಗೆ ಕೇಳಿ. ಉತ್ತರ ಸಿಗುವ ತನಕ ಮುಂದಕ್ಕೆ ಕಳಿಸಬೇಡಿ.